ಸೈರನ್ ಊದಿದರೆ ಯಾರನ್ನು ಕೇಳಬೇಕು?

ಮುಂಬೈನ ಚೆಂಬೂರಿಗೆ ಹೊಸದಾಗಿ ಬಂದಿದ್ದೀರಿ, ಪಕ್ಕದ ಮಾಹುಲ್ ಕಾರ್ಖಾನೆಗಳ ಕಡೆಯಿಂದ ಸೈರನ್ ಕೇಳಿ ಗಾಬರಿಯಾಯಿತು, ಅನಿಲ ಸೋರಿದರೆ ಕಾರ್ಖಾನೆ ಗೇಟಿನ ಹೊರಗೆ ಯಾರ ಹೊಣೆ ಎಂದು ಕೇಳಿದ್ದೀರಿ. ಗಾಬರಿ ಸಹಜ ಸರ್. ಆದರೆ ಬಹುಪಾಲು ಅದು ಮಾಕ್ ಡ್ರಿಲ್ ಅಥವಾ ಸೈರನ್ ಪರೀಕ್ಷೆ.

1989ರ ಅಪಾಯಕಾರಿ ರಾಸಾಯನಿಕ ನಿಯಮಗಳ ಪ್ರಕಾರ ಕಾಂಪೌಂಡಿನ ಒಳಗಿನ ತುರ್ತು ಯೋಜನೆ ಕಾರ್ಖಾನೆಯದು, ಅಲ್ಲಿ 6 ತಿಂಗಳಿಗೊಮ್ಮೆ ಡ್ರಿಲ್ ಆಗಬೇಕು. ಹೊರಗಿನ ಯೋಜನೆ ಜಿಲ್ಲಾಡಳಿತದ್ದು, ಅದರ ತಾಲೀಮು ವರ್ಷಕ್ಕೊಮ್ಮೆಯಾದರೂ. ಎರಡನ್ನೂ ಹೊಲಿಯುವುದು 1996ರ ನಿಯಮಗಳಡಿ ಬಂದ ಜಿಲ್ಲಾ ಬಿಕ್ಕಟ್ಟು ಸಮಿತಿ. ಕಲೆಕ್ಟರ್ ಅಧ್ಯಕ್ಷರು; ಪೊಲೀಸ್, ಅಗ್ನಿಶಾಮಕ, ಆರೋಗ್ಯ ಇಲಾಖೆಯವರು ಜೊತೆಗಿರುತ್ತಾರೆ. ನಮ್ಮ ಉಪನಗರ ಕಲೆಕ್ಟರ್ ಕಚೇರಿ ಬಾಂದ್ರಾ ಪೂರ್ವದಲ್ಲಿದೆ. ಭೋಪಾಲ ಅನಿಲ ದುರಂತದ ನಂತರ ಕಲಿತ ಪಾಠಗಳಿವು. ಕಾಗದದ ಮೇಲೆ ಚೆನ್ನಾಗಿವೆ, ಬಿಲ್ಡಿಂಗಿನ ವಾಚ್‌ಮನ್‌ಗೆ ತಲುಪಿದೆಯೇ ಅನ್ನುವುದೇ ನನ್ನ ಅನುಮಾನ.

ಅಕ್ಕಪಕ್ಕದ ಜನರಿಗೆ ಅಪಾಯದ ಸ್ವರೂಪ, ಏನು ಮಾಡಬೇಕು ಎಂಬುದನ್ನು ತಿಳಿಸುವುದೂ 1989ರ ನಿಯಮಗಳಲ್ಲೇ ಇದೆ. ಹಾಗಾಗಿ ಒಬ್ಬರೇ ಅಲೆಯಬೇಡಿ, ಕಲೆಕ್ಟರ್ ಕಚೇರಿಯನ್ನು ಸೊಸೈಟಿಯ ಲೆಟರ್‌ಹೆಡ್‌ನಲ್ಲಿ ಕೇಳಿ: ಯಾವ ಸೈರನ್‌ಗೆ ಏನು ಅರ್ಥ? ಜನ ಸೇರಬೇಕಾದ ಜಾಗ ಯಾವುದು? ಮುಂದಿನ ಡ್ರಿಲ್‌ಗೆ ನಮ್ಮನ್ನೂ ಕರೆಯಿರಿ ಅಂತ ಸೇರಿಸಿ.

ನಿಜವಾಗಿ ವಾಸನೆ ಬಂದರೆ ನೋಡಲು ಟೆರೇಸಿಗೆ ಓಡಬೇಡಿ (ನಮ್ಮವರು ಮೊದಲು ಮಾಡುವುದೇ ಅದು!). ಕಿಟಕಿ ಮುಚ್ಚಿ, ಎಸಿ ಆರಿಸಿ, ಒದ್ದೆ ಬಟ್ಟೆ ಮೂಗಿಗೆ ಹಿಡಿಯಿರಿ. ಸೋರಿದ್ದು ಅಮೋನಿಯಾ ಆದರೆ ಅದು ನೀರಿನಲ್ಲಿ ಕರಗುತ್ತದೆ, ಅದಕ್ಕೇ ಒದ್ದೆ ಬಟ್ಟೆ. ಹೊರಗಿದ್ದರೆ ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ನಡೆಯಿರಿ. ಪಾಲಿಕೆಯ ವಿಪತ್ತು ಸಹಾಯವಾಣಿ 1916, ಅಗ್ನಿಶಾಮಕ 101.