ಪ್ರತಿಕ್ರಿಯೆ: ರಾತ್ರಿ ಎದೆಯುರಿಗೆ ತಣ್ಣನೆ ಹಾಲು ಸಾಕೇ?

ರಾತ್ರಿ 10ಕ್ಕೆ ಉಂಡು ಮಲಗಿದ ಕೂಡಲೇ ಎದೆಯುರಿ, ತಣ್ಣನೆ ಹಾಲು ಕುಡಿದರೆ ಅರ್ಧ ಗಂಟೆ ಆರಾಮ, ಮತ್ತೆ ಉರಿ ಎಂದಿದ್ದೀರಿ. ಹಾಲಿನ ಗುಣವೇ ಅದು: ಮೊದಲು ಆಮ್ಲ ತಗ್ಗುತ್ತದೆ, ಆಮೇಲೆ ಅದನ್ನು ಅರಗಿಸಲು ಹೊಟ್ಟೆ ಮತ್ತೆ ಆಮ್ಲ ಸುರಿಸುತ್ತದೆ. ಊಟಕ್ಕೂ ಮಲಗುವುದಕ್ಕೂ 3 ಗಂಟೆ ಅಂತರ ಇರಲಿ, ಇದೇ ಮುಖ್ಯ. ಮಂಚದ ತಲೆಭಾಗದ ಎರಡೂ ಕಾಲುಗಳ ಕೆಳಗೆ 6–8 ಇಂಚಿನ ಗಟ್ಟಿ ಮರದ ತುಂಡು ಇಡಿ. ದಿಂಬು ಪೇರಿಸಬೇಡಿ, ನಡು ಮಡಚಿ ಹೊಟ್ಟೆಯ ಮೇಲೆ ಒತ್ತಡ ಹೆಚ್ಚುತ್ತದೆ. ಎಡಮಗ್ಗುಲಿಗೆ ಮಲಗಿದರೆ ಅನ್ನನಾಳ ಹೊಟ್ಟೆಗೆ ಸೇರುವ ಜಾಗ ಆಮ್ಲಕ್ಕಿಂತ ಮೇಲಿರುತ್ತದೆ. ಪುದೀನ ಕಷಾಯ ಬೇಡ, ಆ ಜಾಗದ ಸ್ನಾಯು ಸಡಿಲವಾಗಿ ಆಮ್ಲ ಮೇಲೇರಬಹುದು. ಬಿಪಿ ಇದ್ದರೆ ಅಡುಗೆ ಸೋಡಾ ಮುಟ್ಟಲೇಬೇಡಿ. ನುಂಗಲು ಕಷ್ಟವಾದರೆ, ಮಲ ಕಪ್ಪಾದರೆ ವೈದ್ಯರಿಗೆ ತೋರಿಸಿ. ಬೆವರಿನ ಜೊತೆ ನೋವು ತೋಳಿಗೋ ದವಡೆಗೋ ಹರಡಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.