ಬೀಳು ಬಿಟ್ಟ ಹೊಲಕ್ಕೆ ಸರ್ಕಾರದ ಗೇಣಿ

ಪ್ರಿಯ ಓದುಗರೇ,

ಅಮೆರಿಕದಲ್ಲಿ ಹೊಲ ಉಳದೆ ಬಿಟ್ಟವರಿಗೆ ಸರ್ಕಾರ ವರ್ಷ ವರ್ಷ ದುಡ್ಡು ಕೊಡುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಓದಿ ನಿಮಗೆ ಸಿಟ್ಟು ಬಂದಿದೆ. ‘ಬೆವರು ಸುರಿಸುವವನಿಗೆ ಸಾಲ, ಕೈಕಟ್ಟಿ ಕೂತ ಜಮೀನುದಾರನಿಗೆ ಸಂಬಳ, ಇದ್ಯಾವ ನ್ಯಾಯ?’ ಎಂದು ಕೇಳಿದ್ದೀರಿ. ಅರ್ಧ ಮಾತಿಗೆ ನಾನೂ ನಿಮ್ಮ ಕಡೆಗೇ. ಇನ್ನರ್ಧ ಒಪ್ಪುವುದಿಲ್ಲ.

ಇದರ ಹೆಸರು ಕನ್ಸರ್ವೇಶನ್ ರಿಸರ್ವ್ ಪ್ರೋಗ್ರಾಂ. 1985ರ ಕೃಷಿ ಕಾಯ್ದೆಯಲ್ಲಿ ಬಂತು. ಮಣ್ಣು ಬೇಗ ಕೊಚ್ಚಿಹೋಗುವಂಥ ಜಮೀನನ್ನು 10ರಿಂದ 15 ವರ್ಷ ಉಳುವುದಿಲ್ಲ ಎಂದು ಒಡೆಯರು ಕರಾರು ಮಾಡಿಕೊಳ್ಳುತ್ತಾರೆ. ಆ ಸುತ್ತಿನ ಗೇಣಿ ದರ ನೋಡಿ ಸರ್ಕಾರ ಎಕರೆಗೆ ಇಷ್ಟು ಅಂತ ಕೊಡುತ್ತದೆ. ಸುಮ್ನೆ ಪಾಳು ಬಿಟ್ಟರೆ ದುಡ್ಡಿಲ್ಲ. ಹುಲ್ಲನ್ನೋ ಮರವನ್ನೋ ಬೆಳೆಸಬೇಕು, ಕಳೆ ಹತೋಟಿಯಲ್ಲಿಡಬೇಕು. ನೆಡುವ ಖರ್ಚಿನಲ್ಲಿ ಸರ್ಕಾರ ಕೊಡುವುದು ಹೆಚ್ಚೆಂದರೆ ಅರ್ಧ. ನಡುವೆ ಕರಾರು ಮುರಿದರೆ ಪಡೆದ ಹಣವನ್ನೆಲ್ಲ ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಇದು ಕೈಕಟ್ಟಿ ಕೂರುವ ಕೆಲಸ ಅಲ್ಲ, ಅಲ್ವಾ?

ಮಣ್ಣು ಕಳೆದುಕೊಳ್ಳುವ ಭಯ ಆ ದೇಶಕ್ಕೆ ಎಲ್ಲಿಂದ ಬಂತು ಗೊತ್ತಾ? ಒಕ್ಲಹೋಮ, ಟೆಕ್ಸಸ್ ಕಡೆ ಗೋಧಿ ಆಸೆಗೆ ಹುಲ್ಲುಗಾವಲನ್ನೆಲ್ಲ ಉತ್ತರು. ಆಮೇಲೆ ಮಳೆ ಕೈಕೊಟ್ಟಿತು. 1935ರ ಏಪ್ರಿಲ್ 14ರಂದು ಎದ್ದ ಧೂಳು ಹಗಲನ್ನೇ ಕತ್ತಲು ಮಾಡಿತು. ಅದನ್ನು ಇವತ್ತಿಗೂ ಕಪ್ಪು ಭಾನುವಾರ ಅಂತಾರೆ.

ಈ ಯೋಜನೆಯಲ್ಲಿ ಹಳ್ಳದ ದಂಡೆಗೆ ಬೆಳೆಸುವ ಹುಲ್ಲಿನ ಪಟ್ಟಿಯನ್ನೇ ನೋಡಿ. ಜೋರು ಮಳೆಗೆ ಉತ್ತ ಹೊಲದಿಂದ ಕೆಂಪಗೆ, ಕದಡಿದ ನೀರು ಇಳಿಯುತ್ತದೆ. ಹುಲ್ಲಿನ ಬುಡಗಳಿಗೆ ತಾಗಿದ ಕೂಡಲೇ ಅದರ ಓಟ ತಗ್ಗುತ್ತದೆ. ಹೊತ್ತು ತಂದ ಮಣ್ಣು ಅಲ್ಲೇ ಕೂರುತ್ತದೆ. ಹಳ್ಳಕ್ಕೆ ಸೇರುವಾಗ ನೀರು ಎಷ್ಟೋ ತಿಳಿಯಾಗಿರುತ್ತದೆ. ಈ ಲಾಭ ಸಿಗುವುದು ಕೆಳಗಿನ ಊರುಗಳಿಗೆ, ಮೀನಿಗೆ. ಪೇಟೆಯಲ್ಲಿ ಇದಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. ಹಾಗಾಗಿ ಸರ್ಕಾರ ಕೊಡುವುದು ಸರಿ ಅನ್ನುತ್ತೇನೆ.

ಈಗ ನೀವು ಸರಿಯಾಗಿ ಹಿಡಿದ ಮಾತಿಗೆ ಬರುತ್ತೇನೆ. ಅಲ್ಲಿ ಹುಲ್ಲುಗಾವಲೂ ಸೇರಿದ ಒಟ್ಟು ಕೃಷಿ ಭೂಮಿಯಲ್ಲಿ ಹತ್ತಕ್ಕೆ ನಾಲ್ಕು ಎಕರೆ ಹತ್ತಿರ ಹತ್ತಿರ ಗೇಣಿಯದು. ಉಳುವವರು ಒಬ್ಬರು, ಒಡೆಯರು ಇನ್ನೊಬ್ಬರು. ಗೇಣಿದಾರರ ಪಾಲು ಕಾಪಾಡಬೇಕು ಎಂದು ಕಾಯ್ದೆಯಲ್ಲೇ ಇದೆ. ಒಬ್ಬರಿಗೆ ವರ್ಷಕ್ಕೆ 50,000 ಡಾಲರ್ ಮಿತಿಯೂ ಇದೆ. ಆದರೂ ಹತ್ತು ವರ್ಷ ಜಮೀನು ಕಟ್ಟಿಹಾಕಿದರೆ, ಸ್ವಂತ ನೆಲ ಇಲ್ಲದೆ ಬೇಸಾಯಕ್ಕೆ ಇಳಿಯುವ ಹುಡುಗರಿಗೆ ಗೇಣಿಗೆ ಸಿಗುವುದೇ ಕಮ್ಮಿ. ಇದು ನನಗೂ ನೋವಿನ ವಿಷಯ.

ಅದಕ್ಕಿಂತ ಜಾಸ್ತಿ ಕಾಡುವುದು ಕರಾರು ಮುಗಿದ ಮೇಲಿನ ಕತೆ. 2007ರಲ್ಲಿ 3 ಕೋಟಿ 68 ಲಕ್ಷ ಎಕರೆ ಈ ಯೋಜನೆಯಲ್ಲಿತ್ತು. ಮೆಕ್ಕೆಜೋಳ, ಸೋಯಾ ಬೆಲೆ ಏರಿತು, ಎಷ್ಟೋ ಜನ ಕರಾರು ಮುಂದುವರಿಸಲಿಲ್ಲ. 2014ರ ಕಾಯ್ದೆ ಮಿತಿಯನ್ನೇ 2 ಕೋಟಿ 40 ಲಕ್ಷಕ್ಕೆ ಇಳಿಸಿತು. ವರ್ಷಗಟ್ಟಲೆ ಬೇರು ಬಿಟ್ಟ ಹುಲ್ಲನ್ನು ಮಗುಚಲು ಒಂದೇ ಹಂಗಾಮು ಸಾಕು. ತೀರಾ ಇಳಿಜಾರಿನ ನೆಲಕ್ಕೆ, ಹಳ್ಳದ ದಂಡೆಗೆ ಹೀಗೆ ಮತ್ತೆ ಮತ್ತೆ ಗೇಣಿ ಕಟ್ಟುವ ಬದಲು, ಉಳುವ ಹಕ್ಕನ್ನೇ ಶಾಶ್ವತವಾಗಿ ಕೊಂಡುಬಿಡಬೇಕು. ಜೌಗು ನೆಲಕ್ಕೆ ಅಲ್ಲಿ ಇಂಥ ಏರ್ಪಾಟು ಆಗಲೇ ಇದೆ.