ಮೀನಿನ ಹುಣ್ಣಿಗೆ ಲವಂಗದ ಎಣ್ಣೆ ಹೊಂಡಕ್ಕೆ ಹಾಕಬಹುದಾ?

ಅರ್ಧ ಎಕರೆ ಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟಿದ್ದೀರಿ, ಕೆಲವಕ್ಕೆ ಕೆಂಪು ಹುಣ್ಣು ಬಂದಿದೆ, ಆಂಟಿಬಯಾಟಿಕ್ ಬದಲು ಲವಂಗದ ಎಣ್ಣೆಯನ್ನೋ ಬೇವಿನ ಎಣ್ಣೆಯನ್ನೋ ನೀರಿಗೆ ಹಾಕಬಹುದಾ ಅಂತ ಕೇಳಿದ್ದೀರಿ. ಕಂಡ ಕಂಡ ಆಂಟಿಬಯಾಟಿಕ್ ಸುರಿಯದೆ ಮೊದಲು ಕೇಳಿದ್ದು ತುಂಬಾ ಒಳ್ಳೆಯದಾಯಿತು. ಆದರೆ ದಯವಿಟ್ಟು ಎಣ್ಣೆಯನ್ನೂ ಹೊಂಡಕ್ಕೆ ಹಾಕಬೇಡಿ.

ಲೆಕ್ಕ ನೋಡಿ. ಅರ್ಧ ಎಕರೆಯಲ್ಲಿ ಒಂದು ಮೀಟರ್ ನೀರಿದ್ದರೆ ಸುಮಾರು 20 ಲಕ್ಷ ಲೀಟರ್ ಆಯಿತು. ಅದಕ್ಕೆ ಒಂದು ಲೀಟರ್ ಲವಂಗದ ಎಣ್ಣೆ ಹಾಕಿದರೆ ಲೀಟರ್ ನೀರಿಗೆ ಬೀಳುವುದು ಅರ್ಧ ಮಿಲಿಗ್ರಾಂ. ಅಷ್ಟಕ್ಕೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಲೀಟರಿಗೆ 40–50 ಮಿಲಿಗ್ರಾಂ ಆಗುವಷ್ಟು ಹಾಕಿದರೆ ಮೀನಿಗೇ ಪ್ರಜ್ಞೆ ತಪ್ಪುತ್ತದೆ. ಲವಂಗದಲ್ಲಿರುವ ಯೂಜೆನಾಲ್ ಮೀನಿಗೆ ಮಂಪರು ಬರಿಸುತ್ತದೆ, ಸಂಶೋಧಕರು ಮೀನು ತೂಕ ಮಾಡುವಾಗ ಅದನ್ನು ಬಳಸುವುದೂ ಇದಕ್ಕೇ. ಮೇಲಾಗಿ ಎಣ್ಣೆ ನೀರಲ್ಲಿ ಸರಿಯಾಗಿ ಬೆರೆಯಲ್ಲ. ಒಂದೇ ಕಡೆ ಜಾಸ್ತಿಯಾದರೆ ಕಿವಿರಿಗೆ ಪೆಟ್ಟು.

ಬೇವಿನ ಎಣ್ಣೆ ಬೀಜ ಹಿಂಡಿ ತೆಗೆದದ್ದು. ಹಬೆಯಲ್ಲಿ ಇಳಿಸುವ ಸುಗಂಧ ತೈಲಗಳ ಜೊತೆ ಅದನ್ನು ಸೇರಿಸಬೇಡಿ. ಅದೂ ಜಾಸ್ತಿಯಾದರೆ ಮೀನಿಗೆ ವಿಷವೇ.

ಹಾಗಂತ ಸುಗಂಧ ತೈಲಗಳು ಸುಮ್ನೆ ಅಲ್ಲ. ಅವು ಕೆಲಸ ಮಾಡುವ ಜಾಗ ನೀರಲ್ಲ, ಮೇವು. ಓಮದ ಕಾಳಿನಲ್ಲಿ ಥೈಮಾಲ್ ಇದೆ, ದೊಡ್ಡಪತ್ರೆ ಎಲೆಯಲ್ಲಿ ಕಾರ್ವಕ್ರಾಲ್ ಇದೆ. ಎರಡೂ ಬ್ಯಾಕ್ಟೀರಿಯಾದ ಹೊರಪೊರೆಯನ್ನು ಹಾಳುಮಾಡುತ್ತವೆ. ಇವೆರಡೂ ಇರುವ, ಓರೆಗಾನೊ ಎಂಬ ಸೊಪ್ಪಿನ ತೈಲವನ್ನು ಕಿಲೋ ಮೇವಿಗೆ ಅರ್ಧ ಗ್ರಾಂನಂತೆ ಅಮೆರಿಕದ ಚಾನಲ್ ಕ್ಯಾಟ್‌ಫಿಶ್ ಮೀನಿಗೆ ಕೊಟ್ಟು ನೋಡಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಆಮೇಲೆ ಏರೋಮೊನಾಸ್ ಬ್ಯಾಕ್ಟೀರಿಯಾ ಚುಚ್ಚಿದಾಗ ಆ ಮೀನುಗಳಲ್ಲಿ ಸಾವು ಕಡಿಮೆಯಾಯಿತು. ನಮ್ಮ ಕಾಟ್ಲಾ, ರೋಹುವಿಗೆ ಹುಣ್ಣು, ಹೊಟ್ಟೆ ಊತ ತರುವುದೂ ಬಹಳ ಸಲ ಇದೇ ಏರೋಮೊನಾಸ್. ಆದರೆ ಅಲ್ಲಿ ತೈಲ ಕೊಟ್ಟದ್ದು ರೋಗ ಬರುವ ಮೊದಲು. ಹುಣ್ಣಾದ ಮೀನು ಮೇವನ್ನೇ ಮುಟ್ಟದಿದ್ದರೆ ಮೇವಿನಲ್ಲಿ ಬೆರೆಸಿ ಏನು ಪ್ರಯೋಜನ, ಅಲ್ವಾ?

ಹಾಗಾಗಿ ಈಗ ನೀರಿನ ಕಡೆ ನೋಡಿ. ಮೇವು ಕಡಿಮೆ ಮಾಡಿ. ಸತ್ತ ಮೀನು ತೆಗೆದು ಹೂಳಿ. ಪಿಎಚ್, ಅಮೋನಿಯಾ ಪರೀಕ್ಷೆ ಮಾಡಿಸಿ, ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿವೆಯಾ ಗಮನಿಸಿ, ಅದು ನೀರಲ್ಲಿ ಆಮ್ಲಜನಕ ಸಾಲದ ಗುರುತು. ಪಿಎಚ್ ಕಡಿಮೆ ಇದ್ದರೆ ಸುಣ್ಣ ಹಾಕಿ. ಮಳೆ ನಿಂತು ಚಳಿ ಶುರುವಾದಾಗ ಬರುವ ಆಳವಾದ ಹುಣ್ಣಾದರೆ ಅದು ಅಫನೋಮೈಸಿಸ್ ಎಂಬ ಬೂಷ್ಟಿನಂಥ ಜೀವಿಯದ್ದಿರಬಹುದು. ಅದಕ್ಕೆ ಭುವನೇಶ್ವರದ ಸಿಫಾ ಎಂಬ ಸಿಹಿನೀರು ಮೀನು ಸಾಕಣೆ ಸಂಶೋಧನಾ ಸಂಸ್ಥೆ ರೂಪಿಸಿದ ಸಿಫಾಕ್ಸ್ ಅನ್ನೋ ಔಷಧ ಇದೆ. ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳಲಾಗುವುದಿಲ್ಲ. ಹುಣ್ಣಿರುವ, ಇನ್ನೂ ಜೀವ ಇರುವ ಎರಡು ಮೂರು ಮೀನು ತೆಗೆದುಕೊಂಡು ಮೀನುಗಾರಿಕೆ ಇಲಾಖೆಯವರನ್ನು ಕಾಣಿ. ಕೊಳೆತ ಮೀನಿನಿಂದ ಏನೂ ಗೊತ್ತಾಗಲ್ಲ.

ಮುಂದಿನ ಬೆಳೆಗೆ ತೈಲ ಬಳಸುವ ಮನಸ್ಸಿದ್ದರೆ, ಬಾಟಲಿ ಮೇಲೆ ಥೈಮಾಲ್, ಕಾರ್ವಕ್ರಾಲ್ ಶೇಕಡಾ ಎಷ್ಟು ಅಂತ ಬರೆದಿರುವುದನ್ನೇ ಕೊಳ್ಳಿ. ಸ್ವಲ್ಪ ಅಡುಗೆ ಎಣ್ಣೆಯಲ್ಲಿ ಕಲಸಿ, ಮೇವಿಗೆ ಸವರಿ, ನೆರಳಲ್ಲಿ ಆರಿಸಿ ಅವತ್ತೇ ಹಾಕಿ. ಬಿಸಿಲಿಗೆ ಇಟ್ಟರೆ ಹಾರಿಹೋಗುತ್ತದೆ.